ಒಸಾಕಾದ ಬಾತ್‌ಟಬ್ಬಿಗೆ ಎರಡು ಕಟ್ಟು ಸೇವಂತಿಗೆ

ಜಪಾನಿನ ಒಸಾಕಾ ನಗರದ ಒಂದು ಐಷಾರಾಮಿ ಹೋಟೆಲು. ಅದರ ಬಾತ್‌ಟಬ್ಬಿಗೆ ನಮ್ಮಮ್ಮ ಅರಿಶಿನ ಕುಂಕುಮ ಹಚ್ಚುತ್ತಾಳಾ, ಇಲ್ಲವಾ? ಕಳೆದ ತಿಂಗಳು ನಮ್ಮ ಮನೆಯ ಅತಿ ದೊಡ್ಡ ಟೆನ್ಷನ್ ಇದೇ ಆಗಿತ್ತು.

ನಗಬೇಡಿ. ವಿಷಯ ಇದೆ.

ದೀಪಾವಳಿಯಲ್ಲಿ ಅಮ್ಮನಿಗೆ ಪಟಾಕಿ, ಸೀರೆ ಯಾವುದೂ ಮುಖ್ಯವಲ್ಲ. ನೀರು ತುಂಬೋ ಹಬ್ಬ ಮುಖ್ಯ. ಸಂಜೆ ಹಂಡೆ ತೊಳೆದು, ನೀರು ತುಂಬಿ, ಹೂವು ಸುತ್ತಿ ಪೂಜೆ ಮಾಡಬೇಕು. ಮರುದಿನ ಬೆಳಕು ಹರಿಯುವ ಮೊದಲೇ ಎಲ್ಲರಿಗೂ ಎಣ್ಣೆ ಹಚ್ಚಿ ಆ ನೀರಲ್ಲಿ ಮೀಯಿಸಬೇಕು. ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನ ನಮ್ಮ ಕಾಂಡೋ ಫ್ಲ್ಯಾಟಿನಲ್ಲಿ ಹಂಡೆ ಎಲ್ಲಿಂದ ಬರಬೇಕು? ಪ್ಲಾಸ್ಟಿಕ್ ಬಕೆಟ್ಟಿಗೇ ಮಲ್ಲಿಗೆ ಮುಡಿಸುತ್ತಿದ್ದಳು. ಮೇಲೆ ಗೋಡೆಯಲ್ಲಿದ್ದ ವಾಟರ್ ಹೀಟರಿಗೂ ಒಂದು ಬೊಟ್ಟು. (ಅದೂ ನೀರು ಕಾಯಿಸುತ್ತದಲ್ಲ, ಪಾಪ.)

ಇದೆಲ್ಲ ಅವಳು ಕಲಿತದ್ದು ಅವಳಮ್ಮನಿಂದ, ಅಂದರೆ ದಾವಣಗೆರೆಯ ನಮ್ಮ ಅಜ್ಜಿಯಿಂದ. ಕಳೆದ ವರ್ಷ ಎರಡನೇ ಅಲೆಯಲ್ಲಿ ಅಜ್ಜಿ ಕೋವಿಡ್‌ನಿಂದ ಹೋದಳು. ವಿಮಾನ ಇರಲಿಲ್ಲ. ಇಲ್ಲಿ ಮನೆ ಬಿಟ್ಟು ಹೊರಗೆ ಹೋಗಲೂ ರೂಲ್ಸ್. ಎಲ್ಲವೂ ವಿಡಿಯೋ ಕಾಲ್‌ನಲ್ಲಿ ನಡೆಯಿತು, ಅರ್ಧಕ್ಕೆ ನೆಟ್‌ವರ್ಕ್ ಹೋಯಿತು.

ಆ ವರ್ಷ ಹಬ್ಬ ಇರಲಿಲ್ಲ, ಸರಿ. ಆದರೆ ವರ್ಷ ಕಳೆದ ಮೇಲೂ ಅಮ್ಮ ಹಬ್ಬಕ್ಕೆ ಕೈ ಹಾಕಲಿಲ್ಲ. ಗೌರಿ ಹಬ್ಬ ಬಂತು. "ಬ್ಯಾಡ ಬಿಡು" ಅಂದಳು. ದಸರಾ ಬಂತು. "ಯಾರಿಗೆ ಬೇಕಾಗ್ಯದೆ ಈಗ?" ಅಷ್ಟೇ. ಅಳು ಇಲ್ಲ, ಸಿಟ್ಟಿಲ್ಲ. ಅಡುಗೆ ಮಾಡುತ್ತಿದ್ದಳು, ಆಫೀಸಿನ ಕಾಲ್ ಅಟೆಂಡ್ ಮಾಡುತ್ತಿದ್ದಳು, ಅಜ್ಜಿಯ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ನಾವೂ ಎತ್ತುತ್ತಿರಲಿಲ್ಲ.

ಅಷ್ಟರಲ್ಲಿ ಜಪಾನ್ ಪ್ರವಾಸಿಗರಿಗೆ ಬಾಗಿಲು ತೆರೆಯಿತು. ಲಾಕ್‌ಡೌನಿನಲ್ಲಿ ಎಲ್ಲರೂ ಕಾಫಿ ಕಲಕಿ ನೊರೆ ಬರಿಸುತ್ತಿದ್ದಾಗ ನಾನು ಫೋನಿನಲ್ಲಿ ಜಪಾನಿ ಭಾಷೆ ಕಲಿಯುತ್ತ, ಅಲ್ಲಿಯ ಹೋಟೆಲುಗಳ ವಿಡಿಯೋ ನೋಡುತ್ತ ಕೂತಿದ್ದು ಈ ಅಂಕಣ ಓದುವವರಿಗೆಲ್ಲ ಗೊತ್ತು. (ತಲೆ ತಿಂದಿದ್ದೇನೆ, ಕ್ಷಮಿಸಿ.) ಅಪ್ಪನಿಗೂ ಐಡಿಯಾ ಹಿಡಿಸಿತು. ದೀಪಾವಳಿ ರಜೆಗೆ ಒಸಾಕಾ! "ಮನೇಲಿದ್ರೆ ಹಬ್ಬ ಮಾಡ್ಲಿಲ್ಲ ಅನ್ಸುತ್ತೆ. ಊರಲ್ಲೇ ಇಲ್ದಿದ್ರೆ ಏನೂ ಅನ್ಸಲ್ಲ" ಎಂಬುದು ಅಪ್ಪನ ಲಾಜಿಕ್.

ನನಗೆ ಆ ಲಾಜಿಕ್ ಒಪ್ಪಿಗೆಯಾಗಲಿಲ್ಲ. ಅಮ್ಮ ಹಬ್ಬ ಮಾಡಬೇಕಿತ್ತು ನನಗೆ. ಕೇಳುವ ಧೈರ್ಯ ಇರಲಿಲ್ಲ. ಸುಮ್ಮನೆ ಒಂದು ಬಾಟಲಿ ಕೊಬ್ಬರಿ ಎಣ್ಣೆ, ಅರಿಶಿನ ಕುಂಕುಮದ ಪುಟ್ಟ ಡಬ್ಬಿ ಬ್ಯಾಗಿಗೆ ಹಾಕಿದೆ. ಅಪ್ಪನ ಕೆಲಸ ಕ್ಲಾಂಗ್ ಬಂದರಿನ ಸರಕು ಸಾಗಣೆ ಕಂಪನಿಯಲ್ಲಿ. ಬಾಟಲಿ ನೋಡಿ ಏನೂ ಕೇಳದೆ, ಎಕ್ಸ್‌ಪೋರ್ಟ್ ಮಾಲಿನ ಹಾಗೆ ಕವರ್ ಮೇಲೆ ಕವರ್ ಸುತ್ತಿ ಟೇಪ್ ಹೊಡೆದುಕೊಟ್ಟ.

ಹೋಟೆಲ್ ಹೇಗಿತ್ತು ಅಂತೀರಾ? ಲಾಬಿಗೆ ಹೋಗಲೇ ಲಿಫ್ಟ್ ಹತ್ತಬೇಕು. ಬಾಗಿಲಲ್ಲಿ ಜ್ವರ ಅಳೆಯುವ ಕ್ಯಾಮೆರಾ. ಮಾಸ್ಕ್ ಹಾಕಿದ ಮುಖಗಳೆಲ್ಲ ಒಟ್ಟಿಗೇ ಬಾಗುತ್ತವೆ. ಚೆಕ್‌ಇನ್ ಮಾಡಿಸಿದಾಕೆಯ ಹೆಸರು ಹಯಾಶಿ. ನಡುವಯಸ್ಸು, ಸಣ್ಣ ದನಿ. ನನ್ನ ಜಪಾನಿ ಭಾಷೆ ಕೇಳಿ ಕಣ್ಣಲ್ಲೇ ನಕ್ಕು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಟ್ಟರು.

ರೂಮಿಗೆ ಬಂದವಳೇ ಅಮ್ಮ ಬಾತ್‌ರೂಮ್ ನೋಡಲು ಹೋದಳು. ಜಪಾನಿನಲ್ಲಿ ಟಬ್ಬಿನೊಳಗೆ ಸೋಪು ಹಚ್ಚುವ ಹಾಗಿಲ್ಲ. ಹೊರಗೆ ಪುಟ್ಟ ಸ್ಟೂಲಿನ ಮೇಲೆ ಕೂತು, ಪುಟ್ಟ ಬಕೆಟ್ಟಿನಿಂದ ನೀರು ಸುರಿದುಕೊಂಡು ಮೈ ತೊಳೆದು, ಆಮೇಲೆ ಟಬ್ಬಿಗಿಳಿಯಬೇಕು. ಇದನ್ನೆಲ್ಲ ನಾನು ವಿವರಿಸಿದೆ. ಅಮ್ಮ ಸ್ಟೂಲಿನ ಮೇಲೆ ಕೂತು ನೋಡಿದಳು. ಟಬ್ಬಿನ ಅಂಚು ಸವರಿದಳು.

"ಹಂಗಾದ್ರೆ ಇದು ಹಂಡೆ ಅಲ್ಲೇನೇ?"

ನಾನು ಹೌದು ಹೌದು ಎಂದು ತಲೆಯಾಡಿಸಿದೆ.

"ಇಲ್ಲಿ ಹೂವು ಎಲ್ಲಿ ಸಿಗ್ತಾವೆ?" ಅಂದಳು.

ಎದುರಿಗಿದ್ದ ಸೂಪರ್‌ಮಾರ್ಕೆಟ್ಟಿಗೆ ಓಡಿದೆವು. ಬಾಗಿಲಲ್ಲೇ ಸಾಲಾಗಿ ಹೂವಿನ ಕಟ್ಟುಗಳು. ಬಿಳಿ, ಹಳದಿ ಸೇವಂತಿಗೆ, ಹಿಂದೆ ಒಂದು ಹಸಿರೆಲೆಯ ಕೊಂಬೆ. ಒಂದರ ಹಾಗೇ ಇನ್ನೊಂದು, ಜೋಡಿ ಜೋಡಿ. ಅಮ್ಮನ ಮುಖ ಅರಳಿತು. "ನೋಡೇ, ಪೂಜೆಗೆ ಅಂತಾನೇ ಕಟ್ಟಿಟ್ಟಾರೆ! ಬ್ರಿಕ್‌ಫೀಲ್ಡ್ಸ್ ಹೂವಿನ ಅಣ್ಣಾಚಿನೂ ಇಷ್ಟು ಚಂದ ಕಟ್ಟಲ್ಲ."

ಎರಡು ಕಟ್ಟು ಹಿಡಿದು ಲಾಬಿಗೆ ಬಂದೆವು. ಹಯಾಶಿ ಹೂವು ನೋಡಿದರು. ಕಣ್ಣಿನ ನಗು ಹೋಯಿತು. ಹತ್ತಿರ ಬಂದು, "ನೀರಿನಲ್ಲಿಟ್ಟು ರೂಮಿಗೆ ತಂದುಕೊಡಲೇ?" ಎಂದು ಇಂಗ್ಲಿಷಿನಲ್ಲಿ ಕೇಳಿ, ಎರಡೂ ಕೈ ಚಾಚಿ ಇಸಿದುಕೊಂಡರು. ಏನು ಸರ್ವಿಸ್ ಅಂದುಕೊಂಡೆ ನಾನು.

ಸ್ವಲ್ಪ ಹೊತ್ತಿಗೆ ಬೆಲ್ಲು. ಒಂದೇ ಥರದ ಎರಡು ಹೂದಾನಿ ಒಳಗಿಟ್ಟು, ಹಯಾಶಿ ಬಾಗಿಲ ಬಳಿ ನಿಂತು ಆಳವಾಗಿ ಬಾಗಿದರು. "ಐ ಆಮ್ ವೆರಿ ಸಾರಿ ಫಾರ್ ಯುವರ್ ಲಾಸ್."

ನನ್ನ ತಮ್ಮ ಧೀರಜ್ ಅಷ್ಟರಲ್ಲಿ ಫೋನಿನ ಕ್ಯಾಮೆರಾ ಹೂವಿಗೆ ಹಿಡಿದು ಹುಡುಕಿಬಿಟ್ಟಿದ್ದ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಕೊನೆಗೊಂದು "ಲಾ" ಅಂಟಿಸಿದ ಮಲೇಷ್ಯಾ ಇಂಗ್ಲಿಷು. "ಅಕ್ಕಾ, ದೀಸ್ ಆರ್ ಫಾರ್ ಗ್ರೇವ್ಸ್ ಲಾ! ಫಾರ್ ಡೆಡ್ ಪೀಪಲ್!"

ಸಮಾಧಿಗೆ, ತೀರಿಕೊಂಡವರ ಫೋಟೋ ಮುಂದೆ ಇಡಲು ಕಟ್ಟಿದ ಹೂವುಗಳು. ಎರಡು ವರ್ಷ ಕಲಿತ ನನಗೆ ಇದು ಗೊತ್ತಿರಲಿಲ್ಲ.

ಅಪ್ಪ ಗಾಬರಿಯಾಗಿ ಕೈಯಾಡಿಸಿದ. "ನೋ ನೋ ಮೇಡಂ! ಫೆಸ್ಟಿವಲ್! ಹ್ಯಾಪಿ, ವೆರಿ ಹ್ಯಾಪಿ!" ಹಯಾಶಿಯವರ ಕಿವಿ ಕೆಂಪಾಯಿತು. ಸಾರಿ ಸಾರಿ ಎನ್ನುತ್ತ ಇನ್ನೂ ಬಾಗಿದರು.

"ರೀ, ನೀವು ಸುಮ್ನಿರಿ" ಎಂದಳು ಅಮ್ಮ. ಮುಂದೆ ಬಂದು ಹಯಾಶಿಗೆ ಹೇಳಿದಳು: "ಯು ಆರ್ ನಾಟ್ ರಾಂಗ್. ಮೈ ಮದರ್. ಲಾಸ್ಟ್ ಇಯರ್. ಐ ಕುಡ್ ನಾಟ್ ಗೋ."

ಬಾಗಿದ್ದ ತಲೆಯೆತ್ತಿ ಹಯಾಶಿ ಕೇಳಿದರು, "ಹರ್ ನೇಮ್, ಪ್ಲೀಸ್?"

"ಪಾರ್ವತಮ್ಮ."

"ಪಾರುಬತಮ್ಮ-ಸಾಮಾ" ಎಂದರು ನಿಧಾನಕ್ಕೆ, ದೊಡ್ಡವರ ಹೆಸರಿಗೆ ಸೇರಿಸುವ ಗೌರವ ಸೇರಿಸಿ.

ಅಷ್ಟೇ ಸಾಕಾಯಿತು. ಅಮ್ಮ ಶುರು ಮಾಡಿದಳು. ಅಜ್ಜಿ ಹುಣಸೆಹಣ್ಣು ಹಾಕಿ ಹಂಡೆ ತಿಕ್ಕುತ್ತಿದ್ದದ್ದು, ಎಣ್ಣೆ ಹಚ್ಚುವಾಗ ತಲೆಗೆ ಪಟಪಟ ಬಡಿಯುತ್ತಿದ್ದದ್ದು, ಆಸ್ಪತ್ರೆಗೆ ಹೋಗುವ ದಿನವೂ "ನಾಳೆ ಫೋನ್ ಮಾಡ್ತೀನಿ, ಉಪ್ಪಿಟ್ಟು ತಿನ್ನು" ಅಂದದ್ದು. ಅರ್ಧ ಇಂಗ್ಲಿಷು, ಅರ್ಧ ದಾವಣಗೆರೆ. ಹಯಾಶಿಗೆ ಎಷ್ಟು ತಿಳಿಯಿತೋ. "ಹಾಯ್, ಹಾಯ್" (ಜಪಾನಿಯಲ್ಲಿ ಹೌದು, ಹೌದು) ಎಂದು ತಲೆಯಾಡಿಸುತ್ತ ನಿಂತೇ ಕೇಳಿದರು. ಉಪ್ಪಿಟ್ಟಿನ ವಿಷಯ ನಮಗೂ ಗೊತ್ತಿರಲಿಲ್ಲ.

ಮಾತು ಮುಗಿದ ಮೇಲೆ ಇನ್ನೊಮ್ಮೆ ಬಾಗಿ ಹೊರಟರು. ಅಲ್ಲಿ ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಥ್ಯಾಂಕ್ಯೂ ಹೇಳುವ ಜನ, ಒಂದು ಮಾತೂ ಆಡದೆ ಹೋದರು.

"ನೋಡಿದ್ಯಾ, ಬರ್ತೀನಿ ಅನ್ಲಿಲ್ಲ" ಅಂದಳು ಅಮ್ಮ. "ಸತ್ತೋರ ಮನೆಯಿಂದ ಹಂಗೇ ಹೋಗ್ಬೇಕು."

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಸಾವಾದ ಮನೆಗೆ ಜನ ಮಾತಾಡಿಸಲು ಬರುತ್ತಾರೆ. ಬಂದು ಮಾಡುವುದೇನು? "ಹೆಂಗಾಯ್ತು? ಕೊನೆಗೆ ಏನಂದ್ರು?" ಎಂದು ಕೇಳುತ್ತಾರೆ. ಮನೆಯವರು ಅದೇ ಕತೆಯನ್ನು ಬಂದವರಿಗೆಲ್ಲ ಹೇಳುತ್ತಾರೆ. ಚಿಕ್ಕವಳಿದ್ದಾಗ ನನಗದು ಬೋರಿನ ವಿಷಯ. ಹಾಗೆ ಹೇಳಿ ಹೇಳಿಯೇ ಜನ ಎದ್ದು ನಿಲ್ಲುತ್ತಾರೆ ಅಂತ ಯಾರಿಗೆ ಗೊತ್ತಿತ್ತು?

ಅಮ್ಮನನ್ನು ಮಾತಾಡಿಸಲು ಯಾರೂ ಬಂದಿರಲಿಲ್ಲ. ಬರುವ ಹಾಗಿರಲಿಲ್ಲ. ನೆರೆಯವರು ಊಟ ತಪಾವ್ ಮಾಡಿ (ಪಾರ್ಸೆಲ್ ಕಟ್ಟುವುದಕ್ಕೆ ಇಲ್ಲಿ ಹಾಗನ್ನುತ್ತಾರೆ), ಪೊಟ್ಟಣ ಗೇಟಿಗೆ ನೇತುಹಾಕಿ, ಬೆಲ್ ಹೊಡೆದು ದೂರ ನಿಂತರು. ಫೋನಿನ ತುಂಬ ಓಂ ಶಾಂತಿ. ಲಾಕ್‌ಡೌನ್ ಮುಗಿಯುವ ಹೊತ್ತಿಗೆ, ಹಳೆಯದನ್ನು ಯಾಕೆ ಕೆದಕುವುದು ಅಂತ ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಸುಮ್ಮನಾದರು. ಮನೆಯೊಳಗಿದ್ದ ನಾವೂ ಕೂಡ.

ಅಪ್ಪ ಕೋಟು ಹಾಕಿಕೊಂಡ. "ಆ ಹೂವು ಬೇಡ ಕಣೆ, ಅಪಶಕುನ. ಗುಲಾಬಿ ತರ್ತೀನಿ."

"ಏನೂ ಬ್ಯಾಡ. ಆ ಹೂವು ನೋಡೇ ಅವರು ಅವ್ವನ ಹೆಸರು ಕೇಳಿದ್ದು. ಅವ್ವ ಬಂದಾಳೆ ಅನ್ಕೊಳ್ರಿ. ಬಂದಮ್ಯಾಲೆ ಸುಮ್ನೆ ಕೂರ್ತಾಳಾ ಆಕಿ? ಮೊದ್ಲು ಹಂಡೆ ತಿಕ್ಕು ಅಂತಾಳೆ!"

ಪಳಪಳ ಹೊಳೆಯುತ್ತಿದ್ದ ಟಬ್ಬನ್ನು ಮತ್ತೆ ತಿಕ್ಕಿದಳು. ನೀರು ತುಂಬಿದಳು. ನಾನು ತಂದ ಡಬ್ಬಿಯಿಂದ ಐದು ಕಡೆ ಅರಿಶಿನ ಕುಂಕುಮ. ಅಂಚಿನುದ್ದಕ್ಕೂ ಸೇವಂತಿಗೆ. ಬೆಳಿಗ್ಗೆ ಧೀರಜ್ "ಅಮ್ಮಾ, ನಾಟ್ ಸೋ ಮಚ್ ಆಯಿಲ್ ಲಾ" ಎಂದು ಗೋಳಾಡುತ್ತಿದ್ದರೆ ಅವನ ತಲೆಗೆ ಪಟಪಟ ಬಡಿದಳು.

ಊರಿಗೆ ಮರಳಿದ ವಾರ ಅಮ್ಮ ಮೇಲಿನ ಮಹಡಿಯ ಸೆಲ್ವಿ ಆಂಟಿಯ ಮನೆಗೆ ಹೋದಳು. ಅಂಕಲ್ ತೀರಿಕೊಂಡದ್ದು ಅದೇ ಲಾಕ್‌ಡೌನಿನಲ್ಲಿ. "ಇಷ್ಟು ದಿನದ ಮೇಲೆ ಹೋದ್ರೆ ಏನಂದ್ಕೋತಾರೋ" ಎಂದು ಅಪ್ಪ ತಡೆದ. ಅಮ್ಮ ಹೋದಳು. ವಾಪಸ್ ಬಂದದ್ದು ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ.

ಈಗ ಹೋದರೆ ಏನಂದುಕೊಳ್ಳುತ್ತಾರೋ ಎಂದು ನೀವು ಇನ್ನೂ ಹೋಗದೆ ಉಳಿಸಿಕೊಂಡಿರುವ ಮನೆ ಯಾವುದು?