ಬಾಲಮ್ಮ ಮುಟ್ಟದ ಕಾಲು

ಕಗ್ಗದಾಸಪುರದ ರೈಲ್ವೆ ಗೇಟು ಬೀಳುವ ಮುಂಚೆ ಗಂಟೆ ಬಡಿಯುತ್ತದೆ. ನಮ್ಮ ವಠಾರದ ಹನ್ನೆರಡು ಕೋಣೆಗಳಿಗೂ ಅದು ಕೇಳುತ್ತದೆ. ಹಾಲು ಕಾಯಿಸುವಾಗ, ಮಕ್ಕಳು ಮಗ್ಗಿ ಹೇಳುವಾಗ ನಡುವೆ ತೂರಿ ಬರುತ್ತದೆ, ಯಾರೂ ತಲೆ ಎತ್ತುವುದಿಲ್ಲ. ಸಂಜೆ ಆರರ ಗಂಟೆಗೆ ಮಾತ್ರ ಕೊನೆಯ ಕೋಣೆಯ ಬಾಲಮ್ಮ ಗೋಣಿತಾಟನ್ನು ಬಗಲಿಗಿಟ್ಟುಕೊಂಡು ಹೊರಡುತ್ತಿದ್ದಳು.

ಆ ಹೊತ್ತಿಗೆ ಸಿ.ವಿ. ರಾಮನ್ ನಗರದ ಕಡೆ ಕಟ್ಟಡದ ಕೆಲಸ ಬಿಟ್ಟ ಗಂಡಸರು ಗೇಟಿನ ಮುಂದೆ ಬಂದು ನಿಲ್ಲುತ್ತಾರೆ. ಹತ್ತು ನಿಮಿಷ, ಕೆಲವೊಮ್ಮೆ ಇಪ್ಪತ್ತು. ನಿಂತವರ ಎಡಕ್ಕೇ ಹಂಪಣ್ಣನ ಸಾರಾಯಿ ಅಂಗಡಿ. ಕಾಯುವ ಬೇಸರಕ್ಕೆ ಒಬ್ಬ ಒಳಹೊಕ್ಕರೆ ಹಿಂದೆ ನಾಲ್ವರು. ಬಾಲಮ್ಮ ಆ ಬಾಗಿಲಲ್ಲಿ ಗೋಣಿ ಹಾಸಿ ಕೂತು, ಒಳಗೆ ಹೋಗುವ ಪ್ರತಿಯೊಬ್ಬನ ಕಾಲಿಗೆ ಹಣೆ ಹಚ್ಚುತ್ತಿದ್ದಳು. "ಇವತ್ತೊಂದಿನ ಬ್ಯಾಡಪ್ಪ" ಎನ್ನುತ್ತಿದ್ದಳು. ಅದರ ಮೇಲೆ ಇನ್ನೊಂದು ಮಾತಿಲ್ಲ.

ಅವಳಿಗೆ ಎಪ್ಪತ್ತೈದು. ಇದನ್ನು ಕಲಿತಾಗ ಹದಿನಾಲ್ಕು.

ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಅವಳು ಬಳ್ಳಾರಿ ಸೀಮೆಯ ಹೊಳೆದಂಡೆಯ ಊರಿನಲ್ಲಿದ್ದಳು. ಹೆಂಡದಂಗಡಿಯ ಹರಾಜಿನಿಂದ ಬಿಳಿಯರ ಸರ್ಕಾರಕ್ಕೆ ಒಳ್ಳೆಯ ಆದಾಯವಿತ್ತು. ಅಂಗಡಿ ಮುಂದೆ ಕೂಗಿದರೆ, ಅಡ್ಡ ನಿಂತರೆ ಹಿಡಿದು ಹಾಕುತ್ತೇನೆಂದು ಪೊಲೀಸು ಡಂಗುರ ಹೊಡೆಸಿದ. ಬಾಲಮ್ಮನ ಸೋದರತ್ತೆ ಗಂಗವ್ವ ಹೆಂಗಸರನ್ನು ಕೂಡಿಸಿ ಕೇಳಿದಳಂತೆ: "ಕಾಲಿಗೆ ಬೀಳಬಾರದು ಅಂತ ಯಾವ ಕಾನೂನಾಗ ಬರದಾರ?"

ಹಿರಿಯಳು ಕಿರಿಯನ ಕಾಲು ಮುಟ್ಟಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ. ಆ ಊರಿನ ಗಂಡಸರಿಗೆ ಲಾಠಿಗಿಂತ ಇದರ ಭಯ ಹೆಚ್ಚು. ತಾಯಿಯ ವಯಸ್ಸಿನ ಹೆಂಗಸು ಬಾಗಿದ ಕೂಡಲೇ ಕೆಂಡ ತುಳಿದವರಂತೆ ಹಿಂದೆ ಜಿಗಿಯುತ್ತಿದ್ದರು. ಹುಡುಗಿ ಬಾಲಮ್ಮನ ಕೆಲಸ ದಾರಿಯ ತಿರುವಿನಲ್ಲಿ ನಿಂತು ಯಾರು ಬರುತ್ತಿದ್ದಾರೆ ಎಂದು ಹೇಳುವುದು. ಯಾಕೆಂದರೆ ಗಂಗವ್ವ ಒಂದು ಕಟ್ಟಳೆ ಹಾಕಿದ್ದಳು: ತಮ್ಮ ಮನೆಯ ಗಂಡಸಿನ ಕಾಲಿಗೆ ಯಾರೂ ಬೀಳಕೂಡದು. ನಿನ್ನ ಮಗ ಬಂದರೆ ನೀನು ಮರೆಗೆ ಹೋಗು, ಬೇರೆಯವಳು ಬೀಳುತ್ತಾಳೆ. ಅವಳ ಮಗ ಬಂದರೆ ನೀನು. ಯಾವ ತಾಯಿಯೂ ತನ್ನ ಕೈಯಾರೆ ಮಗನ ಆಯುಸ್ಸು ಕಡಿಯಬಾರದು. ಹದಿನೈದೇ ದಿನದಲ್ಲಿ ಅಂಗಡಿ ಮುಚ್ಚಿತು. ಹಾದಿ ತಡೆದರೆಂದು ಬಾಲಮ್ಮನೂ ಸೇರಿ ಹನ್ನೊಂದು ಹೆಂಗಸರಿಗೂ ನಲವತ್ತು ದಿನ ಜೈಲಾಯಿತು. ಜೈಲಿನ ಬಗ್ಗೆ ಬಾಲಮ್ಮ ಹೇಳುತ್ತಿದ್ದುದು ಇಷ್ಟೇ: ರೊಟ್ಟಿಯಲ್ಲಿ ಮರಳಿತ್ತು.

ಗೇಟಿನ ಹತ್ತಿರ ಅವಳು ಕೂತದ್ದು ದೇಶಕ್ಕಾಗಿ ಅಲ್ಲ. ಒಬ್ಬನೇ ಮಗ ಭೀಮಾಶಂಕರ, ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದವನು. ಕಣ್ಣು ಅರಿಶಿನವಾಗಿತ್ತು. ಹೊಟ್ಟೆ ಊದಿತ್ತು. ಇನ್ನು ಮುಂದೆ ಒಂದು ಪ್ಯಾಕೆಟ್ಟು ಕುಡಿದರೂ ತನ್ನ ಹತ್ತಿರ ಕರೆತರಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಂಗಡಿಯೇ ಮುಚ್ಚಿದರೆ ಮಗ ಉಳಿಯುತ್ತಾನೆ ಎಂದು ಅವಳು ಯುಗಾದಿಯ ಮಾರನೆಯ ದಿನ ಗೋಣಿ ಹಾಸಿದ್ದಳು.

ಆದರೆ ಈ ಊರಿನ ಗಂಡಸರು ಹಿಂದೆ ಜಿಗಿಯಲಿಲ್ಲ. ಒಬ್ಬ ಕೈ ಎತ್ತಿ, "ನೂರು ವರ್ಷ ಬಾಳಜ್ಜಿ, ಆಶೀರ್ವಾದ ಮಾಡಿದೀನಿ" ಎಂದ. ಇನ್ನೊಬ್ಬ, "ಮಗಾ, ಚಪ್ಪಲಿ ಬಿಟ್ಟು ಬರ್ಬೇಕಿತ್ತು ಕಣೋ, ದೇವಸ್ಥಾನ ಇದು" ಎಂದು ಅವಳನ್ನು ದಾಟಿ ಹೋದ. ಹಂಪಣ್ಣ ಒಳಗಿನಿಂದಲೇ, "ಕೂತ್ಕೊಳ್ಳಿ ಅಜ್ಜಿ, ನೀವು ಬಂದ್ಮೇಲೆ ಯಾಪಾರ ಚೆನ್ನಾಗೈತೆ" ಎನ್ನುತ್ತಿದ್ದ. ಮೂರು ತಿಂಗಳಲ್ಲಿ ತಿರುಗಿ ಹೋದವನು ಬಡಗಿ ಮಾನಪ್ಪ ಒಬ್ಬನೇ.

ಭೀಮಾಶಂಕರ ಬಂದಾಗ ಅವಳು ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಕಟ್ಟಳೆ ಅವನಿಗೂ ಗೊತ್ತಿತ್ತು, ಚಿಕ್ಕಂದಿನಿಂದ ಕೇಳಿದ ಕಥೆ. ಅವಳ ಬೆನ್ನ ಹಿಂದೆ ಸದ್ದಿಲ್ಲದೆ ಒಳಗೆ ಹೋಗುತ್ತಿದ್ದ.

ಅವನಿಗಾಗಿ ಬೀಳಲು ಇನ್ನೊಬ್ಬ ಹಿರಿಯಳು ಬೇಕಿತ್ತು. ಸೊಸೆ ರಾಜೇಶ್ವರಿ ಬಿದ್ದರೆ ಅದು ಹೆಂಡತಿಯ ನಮಸ್ಕಾರ, ಅದಕ್ಕೇನು ಬೆಲೆ? ಪಕ್ಕದ ಕೋಣೆಯವಳು ನಾನು, ನಾನೇ ಬೀಳುತ್ತೇನೆಂದೆ. "ನೀ ಸಣ್ಣಾಕಿ, ನಿನಗ ಆಶೀರ್ವಾದ ಮಾಡಿ ಒಳಗ ಹೋಗ್ತಾನ" ಎಂದಳು. ವಠಾರದ ಮುದುಕಿಯರನ್ನೆಲ್ಲ ಕೇಳಿಬಂದಳು. "ನಮ್ಮೋರೂ ಅಲ್ಲಿಗೇ ಹೋಗೋದಲ್ವಾ, ಆಮೇಲೆ ಒದೆ ತಿನ್ನೋರ್‍ಯಾರು?" ಎಂದರು.

ಕೊನೆಗೆ ಬಂದವಳು ಗೇಟಿನ ಬಳಿ ಪಂಕ್ಚರ್ ಹಾಕುವ ಲತೀಫನ ತಾಯಿ ಉಮ್ಮೆ ಕುಲ್ಸುಂ. ಒಂದು ಶುಕ್ರವಾರ ಲತೀಫ ಅವಳನ್ನು ಶಿವಾಜಿನಗರದಿಂದ ಸ್ಕೂಟರಿನ ಮೇಲೆ ಕರೆತಂದ. "ಕಾಲಿಗೆ ಬೀಳೋದು ನಮ್ಮಲ್ಲಿ ಇಲ್ಲ ಬೆಹನ್" ಎಂದಳು ಅವಳು. "ಕೈ ಹಿಡ್ಕೋತೀನಿ, ಆಗ್ತದಾ?" ಭೀಮಾಶಂಕರ ಬಂದ ಕೂಡಲೇ ಅವನ ಮುಂಗೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಹೆಸರೇನು ಬೇಟಾ, ಮಕ್ಕಳೆಷ್ಟು, ಎಷ್ಟನೇ ಮಹಡಿ ಕಟ್ತಾ ಇದೀಯ, ಮೇಲಿಂದ ನಮ್ಮ ಶಿವಾಜಿನಗರ ಕಾಣ್ತದಾ? ರೈಲು ಹೋಯಿತು, ಗೇಟು ಎದ್ದಿತು, ಅವಳು ಕೈ ಬಿಡಲಿಲ್ಲ. ಅವನು ಅಂದು ಕುಡಿಯದೆ ಮನೆಗೆ ಬಂದ.

ಆಮೇಲೂ ಎರಡು ಶುಕ್ರವಾರ ಉಮ್ಮೆ ಕುಲ್ಸುಂ ಬಂದಳು. ಮೂರನೆಯದಕ್ಕೆ ಲತೀಫ ಒಬ್ಬನೇ ಬಂದ. ತಾಯಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು. "ಇನ್ನು ಎದ್ದೇಳಲ್ಲ ಅಮ್ಮಾ, ಮಲಗಿದಲ್ಲೇ ನಿಮ್ಮ ಮಗನ್ನ ಕೇಳ್ತಾರೆ" ಎಂದ.

ಕಳೆದ ಮಂಗಳವಾರ ಬೆಳಿಗ್ಗೆ ಭೀಮಾಶಂಕರ ನಲ್ಲಿಯ ಹತ್ತಿರ ರಕ್ತ ಕಾರಿಕೊಂಡ. ಬಾಲಮ್ಮ ಅದಕ್ಕೆ ನೀರು ಸುರಿದು, ತೆಂಗಿನ ನಾರಿನಿಂದ ಕಲ್ಲು ಉಜ್ಜಿದಳು. ಕಲ್ಲು ಚೊಕ್ಕಟವಾದ ಮೇಲೂ ಉಜ್ಜಿದಳು. ಮಧ್ಯಾಹ್ನ ಅವನು ಅಂಗಿ ಹಾಕಿಕೊಂಡು ಬೀಡಿ ತರುತ್ತೇನೆಂದು ಹೋದವನು ಸಂಜೆಯಾದರೂ ಬರಲಿಲ್ಲ.

ಆರಕ್ಕೆ ಸ್ವಲ್ಪ ಮುಂಚೆ ಅವಳು ನನ್ನ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಕಣ್ಣು ಮೊರದ ಮೇಲಿರಲಿಲ್ಲ.

"ಮೂರು ತಿಂಗಳಾತು" ಎಂದಳು. "ಎಷ್ಟು ಮಂದಿ ಕಾಲಿಗೆ ಬಿದ್ದೀನಿ ಗೊತ್ತೇನು?"

"ನೂರು ಜನ ಇರಬಹುದಜ್ಜಿ."

"ಅವರಿಗೆ ಯಾರಿಗಾದರೂ ಏನಾರ ಆಗೇತೇನು? ಯಾರಾರ ಸತ್ತಾರ?"

"ಇಲ್ಲ."

"ಮಾನಪ್ಪ?"

"ಬೆಳಿಗ್ಗೆ ತಾನೇ ನೋಡಿದೆ. ಹುಷಾರಾಗಿದಾನೆ."

"ಹಂಗಾದ್ರ ಅದು ಸುಳ್ಳು." ನನ್ನನ್ನೇ ನೋಡಿದಳು. "ಸುಳ್ಳು ಹೌದಲ್ಲ? ನೀ ಓದಿದಾಕಿ, ಹೇಳು."

ಸುಳ್ಳು ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ನಮ್ಮತ್ತಿ ಸುಳ್ಳಿಗೆ ಯಾಕ ಕಟ್ಟಳಿ ಹಾಕ್ತಿದ್ಲು?" ಎಂದು ಅವಳು ಮೊರವನ್ನು ಒಮ್ಮೆ ಕೊಡವಿದಳು.

ಗಂಟೆ ಬಡಿಯಿತು. ಬಾಲಮ್ಮ ಮೊರವನ್ನು ನನ್ನ ತೊಡೆಯ ಮೇಲಿಟ್ಟು ಎದ್ದಳು. ನಲ್ಲಿಯಲ್ಲಿ ಸೆರಗಿನ ತುದಿ ಒದ್ದೆ ಮಾಡಿ ಹಣೆ ಒರೆಸಿಕೊಂಡಳು. ಗೋಣಿತಾಟು ಬಾಗಿಲ ಹಿಂದೆಯೇ ಇತ್ತು, ತೆಗೆದುಕೊಳ್ಳಲಿಲ್ಲ. ಓಣಿಯ ತುದಿಯಲ್ಲಿ ಗೇಟಿನ ಮುಂದೆ ಗಂಡಸರು ಸೇರುತ್ತಿದ್ದರು. ಅವರ ನಡುವೆ ಭೀಮಾಶಂಕರನ ನೀಲಿ ಚೌಕಳಿ ಅಂಗಿ ಎಡಕ್ಕೆ ಸರಿಯುತ್ತಿತ್ತು.

"ಅಕ್ಕಿ ತೊಳದು ಇಡು, ರಾಜೇಶ್ವರಿ ಬಂದು ಒಲಿ ಹಚ್ಚತಾಳ" ಎಂದಳು, ಗೋಡೆ ಹಿಡಿದು ನಡೆಯುತ್ತಲೇ, ನನ್ನ ಕಡೆ ತಿರುಗದೆ. "ಆಕಿ ಕೇಳಿದ್ರ ಹೇಳು, ನಿಮ್ಮತ್ತಿ ಇವತ್ತು ಗೋಡಿ ಕಡೆ ತಿರುಗೂದಿಲ್ಲಂತ, ಅವನ ಕಾಲಿಗೇ ಬೀಳ್ತಾಳಂತ."