ಪಡಸಾಲೆಯ ಗೂಡ್ಸ್ ಯಾರ್ಡು

ಆದೋನಿ ತಾಲ್ಲೂಕಿನಲ್ಲಿ ನಾವಿದ್ದ ಬಾಡಿಗೆ ಮನೆಯ ಪಡಸಾಲೆಯಲ್ಲಿ ಬಂದವರಿಗೆ ಕೂರಲು ಜಾಗವಿರಲಿಲ್ಲ. ಮೂರು ಗೋಡೆಗಳ ಉದ್ದಕ್ಕೂ ಸೊಂಟದೆತ್ತರಕ್ಕೆ ಹಲಗೆ ಹೊಡೆದು, ಅದರ ಮೇಲೆ ನನ್ನ ಗಂಡ ರೈಲು ಹಳಿ ಹಾಸಿದ್ದರು. ಊರು ಬಿಟ್ಟು ಹೋದ ಬಿಳಿಯ ಮ್ಯಾನೇಜರೊಬ್ಬನ ಬಂಗಲೆಯ ಸಾಮಾನು ಹರಾಜಾದಾಗ ಅವರಿಗೆ ಸಿಕ್ಕಿದ್ದು ಕೀಲಿ ಕೊಟ್ಟರೆ ಓಡುವ ಒಂದು ತಗಡಿನ ಎಂಜಿನ್ನು ಮತ್ತು ಒಂದು ಪೆಟ್ಟಿಗೆ ಹಳಿ. ಉಳಿದದ್ದೆಲ್ಲ ಅವರ ಕೈಕೆಲಸ. ಸೀಮೆಎಣ್ಣೆ ಡಬ್ಬಿಯ ತಗಡಿನಿಂದ ವ್ಯಾಗನ್ನು, ಕೊಡೆಯ ಕಡ್ಡಿಯಿಂದ ಅಚ್ಚು, ತಂತಿಯಿಂದ ಕೊಂಡಿ.

ಅವರು ನಮ್ಮ ಕಡೆಯ ಒಂದು ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತರಾಗಿದ್ದರು. ಆ ಸ್ಟೇಷನ್ನಿನ ಹೆಸರನ್ನು ನಾನು ಬರೆಯುವುದಿಲ್ಲ. ಇಲ್ಲಿ ಹೇಳಲಿರುವ ತಪ್ಪು ಅದೊಂದರದೇ ಎಂದು ಯಾರೂ ಸಮಾಧಾನಪಟ್ಟುಕೊಳ್ಳಬಾರದು.

ಮನೆಯ ರೈಲನ್ನು ಅವರು ಸುಮ್ಮನೆ ಸುತ್ತು ಹೊಡೆಸುತ್ತಿರಲಿಲ್ಲ. "ಸುತ್ತು ಹೊಡೆಯೋದು ಜಾತ್ರಿ ಕುದುರಿ. ಮಾಲು ಮುಟ್ಟಿಸೋದು ರೈಲು" ಎನ್ನುತ್ತಿದ್ದರು. ಪ್ರತಿ ವ್ಯಾಗನ್ನಿನ ಪಕ್ಕಕ್ಕೂ ಎಲ್ಲಿಂದ, ಎಲ್ಲಿಗೆ, ಏನು ಮಾಲು ಎಂದು ಒಂದು ಚೀಟಿ ಅಂಟಿರುತ್ತಿತ್ತು. ಗೋನೆಗಂಡ್ಲ, ಪತ್ತಿಕೊಂಡದ ಕಡೆಯಿಂದ ಬಂಡಿಯಲ್ಲಿ ಬಂದ ಹತ್ತಿ ಮುಂಬಯಿಗೆ, ಶೇಂಗಾ ಮದರಾಸಿಗೆ. ಮದ್ದಿಕೇರಕ್ಕೆ ಹೋಗುವ ಮಾಲನ್ನು ಕಿಟಕಿಯ ಪಕ್ಕದ ಜಂಕ್ಷನ್ನಿನಲ್ಲಿ ಇಳಿಸಿ ಬೇರೆ ವ್ಯಾಗನ್ನಿಗೆ ಏರಿಸಬೇಕಿತ್ತು, ಏಕೆಂದರೆ ಆ ದಾರಿಯ ಹಳಿಯ ಅಗಲವೇ ಬೇರೆ. ಹತ್ತಿಯ ವ್ಯಾಗನ್ನನ್ನು ಎಂಜಿನ್ನಿಗೆ ಒತ್ತಿ ಜೋಡಿಸುವಂತಿರಲಿಲ್ಲ, ಕಿಡಿಯ ಭಯ. ಯಾವ ವ್ಯಾಗನ್ನನ್ನೂ ಕೈಯಲ್ಲಿ ಎತ್ತಿ ಇಡುವಂತಿರಲಿಲ್ಲ. ಹಿಂದಿನ ವ್ಯಾಗನ್ನು ಬೇಕಾದರೆ ಮುಂದಿನವನ್ನೆಲ್ಲ ಎಳೆದು, ಪಕ್ಕದ ಹಳಿಗೆ ಬಿಟ್ಟು, ಮರಳಿ ಬಂದು, ಅದನ್ನು ಹಿಡಿದು ತರಬೇಕು. ಹೀಗೆ ಒಂದು ಸಂಜೆ ಕಳೆಯುತ್ತಿತ್ತು.

ಅತ್ತೆ ಮೂಲೆಯಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದರು. ಅವರ ಹತ್ತಿಯನ್ನೇ ಬೆಂಕಿಪೆಟ್ಟಿಗೆಯಲ್ಲಿ ಒತ್ತಿ, ದಾರ ಕಟ್ಟಿ ಬೇಲು ಮಾಡುತ್ತಿದ್ದೆವು.

"ಹಗಲೆಲ್ಲ ದೊಡ್ಡ ರೈಲು ನೂಕ್ತಾನ, ಸಂಜಿಗೆ ಸಣ್ಣ ರೈಲು ನೂಕ್ತಾನ ನನ ಮಗ. ಸೊಸಿ ಊರ ನ್ಯಾಯ ನೂಕ್ತಾಳ. ರೊಟ್ಟಿ ಬಡಿಯೋರು ಯಾರವಾ ಈ ಮನ್ಯಾಗ?"

ಊರ ನ್ಯಾಯವೆಂದರೆ ನನ್ನ ಓಡಾಟ. ಎಲ್ಲ ಜಾತಿಯ ಮಕ್ಕಳೂ ಒಂದೇ ಚಾಪೆಯಲ್ಲಿ ಕೂತು, ಒಂದೇ ಕೊಡದ ನೀರು ಕುಡಿದು ಕಲಿಯುವ ಶಾಲೆಯಲ್ಲಿ ನಾನು ಓದಿದ್ದೆ. ಅಲ್ಲಿಂದ ಹೊರಬಂದ ಮೇಲೆ ಕಣ್ಣಿಗೆ ಬಿದ್ದದ್ದೆಲ್ಲ ಅದಕ್ಕೆ ವಿರುದ್ಧವಾದದ್ದೇ. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ದೂಳು ನುಂಗಿ ಕೆಮ್ಮುವ ಹೆಂಗಸರಿಗೆ ಗಂಡಸರ ಅರ್ಧ ಕೂಲಿ. ಬದಲಿ ಆಳು ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ದುಡಿಸಿಕೊಂಡವನಿಗೆ ಕಾಲು ಹೋದರೆ ಕೇಳುವವರಿಲ್ಲ. ಇವನ್ನು ಹೆಸರಿಟ್ಟು ಹೇಳಬೇಕು, ಹೇಳಿದರೆ ತಿದ್ದಬಹುದು ಎಂದು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ, ಆದರೆ ಅಂದಿನಷ್ಟು ಸಲೀಸಾಗಿ ಅಲ್ಲ.

ನನ್ನ ತಮ್ಮ ಅಂಥ ಒಬ್ಬ ಬದಲಿ ಆಳು. ನಮ್ಮ ತಾಲ್ಲೂಕು ಬಳ್ಳಾರಿಯಿಂದ ಕಳಚಿ ಕರ್ನೂಲಿಗೆ ಸೇರಿದ ಮರುವರ್ಷ, ಮದುವೆಯ ವಯಸ್ಸಿಗೆ ಬಂದಿದ್ದ ಅವನು ನನ್ನ ಗಂಡನ ಯಾರ್ಡಿನಲ್ಲೇ ವ್ಯಾಗನ್ ಜೋಡಿಸುವ ಕೆಲಸಕ್ಕೆ ಸೇರಿದ್ದ. ಎಂಜಿನ್ನು ಹಿಂದೆ ಸರಿದು ಬಂದು ನಿಂತ ವ್ಯಾಗನ್ನಿಗೆ ತಾಗಿದಾಗ, ಎರಡರ ನಡುವೆ ಬಗ್ಗಿ ಒಳಹೊಕ್ಕು, ಕಬ್ಬಿಣದ ಕೊಂಡಿಯನ್ನೆತ್ತಿ ಕೊಕ್ಕೆಗೆ ಹಾಕಿ ಹೊರಬರಬೇಕು. ಸಂಜೆ ನಮ್ಮ ಮನೆಗೆ ಬಂದರೆ ಪಡಸಾಲೆಯಲ್ಲೂ ಅವನಿಗೆ ಅದೇ ಕೆಲಸ. ನಡುನಡುವೆ ಮದರಾಸಿಗೆ ಹೊರಟ ಶೇಂಗಾ ಅವನ ಬಾಯಿಗೆ ಹೋಗುತ್ತಿತ್ತು.

"ಮಾಲು ದಾರ್ಯಾಗ ಕಳುವಾಗೈತಿ" ಎಂದು ನನ್ನ ಗಂಡ ಗಂಭೀರವಾಗಿ ಘೋಷಿಸುತ್ತಿದ್ದರು.

"ಇಲಿ ತಿಂದೈತಿ ಮಾವ, ರೈಲ್ವೆ ಇಲಿ" ಎನ್ನುತ್ತಿದ್ದ ಅವನು.

ಒಂದು ಭಾನುವಾರ ಅವನು ಎರಡು ವ್ಯಾಗನ್ನುಗಳ ನಡುವೆ ಬೆರಳಿಟ್ಟು ಕೊಂಡಿ ಹಾಕುತ್ತಾ "ಆತು!" ಎಂದು ಕೂಗಿದ. ನನ್ನ ಗಂಡ ಎಂಜಿನ್ನು ಬಿಟ್ಟರು. ಬೆರಳು ಇನ್ನೂ ಒಳಗೇ ಇತ್ತು. ಕೊಂಡಿ ಬಿಗಿದು ಉಗುರಿನ ಬುಡದಲ್ಲಿ ರಕ್ತ ಚಿಮ್ಮಿತು. ಎಲ್ಲರೂ ನಕ್ಕರು. "ಹತ್ತಿ ಬೇಲಿಗೆ ಮುದ್ರಿ ಬಿತ್ತು ನೋಡ್ರಿ" ಎಂದರು ಅತ್ತೆ. ನಾನೂ ನಕ್ಕೆ. ಅರಿಸಿನ ಹಚ್ಚುವಾಗ ಸುಮ್ಮನೆ ಕೇಳಿದೆ: "ಕೈ ತೆಗಿಯೋದರೊಳಗ ಯಾಕ ಕೂಗಿದಿ?"

"ಅಲ್ಲಿ ಹಂಗ ಅಕ್ಕ. ಒಳಗಿದ್ದಾಗಽ ಕೂಗಬೇಕು."

ಆಮೇಲೆ ಅವನು ಬಿಡಿಸಿ ಹೇಳಿದ. ಹತ್ತಿ ಗೋದಾಮಿನ ತಿರುವಿನಿಂದಾಗಿ ಜೋಡಿಸುವವನು ಡ್ರೈವರಿಗೆ ಕಾಣುವುದಿಲ್ಲ. ತಿರುವಿನಲ್ಲಿ ಬಾವುಟ ಹಿಡಿದು ಮುದುಕ ಜಮಾದಾರರೊಬ್ಬರು ನಿಲ್ಲುತ್ತಾರೆ. ಕೂಗು ಅವರಿಗೆ ಕೇಳಬೇಕು, ಅವರು ಬಾಯೊಳಗಿನ ತಂಬಾಕು ಉಗುಳಬೇಕು, ಹಸಿರು ಬಾವುಟ ಬಿಚ್ಚಿ ಎತ್ತಬೇಕು, ಡ್ರೈವರು ನೋಡಿ ಎಂಜಿನ್ನು ಬಿಡಬೇಕು. ಅಷ್ಟರಲ್ಲಿ ಒಳಗಿದ್ದವನು ಹೊರಗೆ ಬಂದಿರುತ್ತಾನೆ. ಸುಗ್ಗಿಯಲ್ಲಿ ಕೆಲಸ ಸಾಗಬೇಕಾದರೆ ಇದೇ ದಾರಿಯಂತೆ. ಹಳಬರು ಹೊಸಬರಿಗೆ ಮೊದಲು ಕಲಿಸುವ ಪಾಠವೂ ಇದೇ. ಹೊರಗೆ ಬಂದು ಕೂಗುವವನನ್ನು "ಏನಪಾ, ಸೀರಿ ಉಟಗೊಂಡು ಬಂದೀಯೇನು?" ಎಂದು ಆಡಿಕೊಳ್ಳುತ್ತಾರೆ. ದಿನವಿಡೀ ಮಿಲ್ಲಿನ ದೂಳಿನಲ್ಲಿ ಎದೆ ಸವೆಸುವ ಹೆಂಗಸರ ಬಟ್ಟೆಯೇ ಅಲ್ಲಿ ಹೇಡಿತನದ ಹೆಸರು. ಇದು ಒಂದು ಅನ್ಯಾಯ. ಗಂಡಸೊಬ್ಬನ ಪ್ರಾಣ ಇನ್ನೊಬ್ಬನ ತಂಬಾಕಿನ ಎಂಜಲಿಗೆ ತೂಗಿಬಿದ್ದಿರುವುದು ಇನ್ನೊಂದು.

ನಾನು ಗಂಡನ ಮುಖ ನೋಡಿದೆ. ಅವರು ಎಂಜಿನ್ನಿಗೆ ಕೀಲಿ ಕೊಡುವುದನ್ನು ನಿಲ್ಲಿಸಿದ್ದರು.

"ಜಮಾದಾರ ಈ ತಿಂಗಳು ರಿಟೈರ್ ಆಗ್ತಾರ" ಎಂದರು ಮೆಲ್ಲಗೆ. "ಅವರ ಜಾಗಕ್ಕ ಯಾರನ್ನೂ ಹಾಕಂಗಿಲ್ಲಂತ. ಕೂಗು ಕೇಳಿ ಡ್ರೈವರ್ ತಾನಽ ಬಿಡಬೇಕಂತ."

ಆ ಸಂಜೆಯಿಂದ ನನ್ನೊಳಗೆ ಹೊಕ್ಕ ಭಯಕ್ಕೆ ಹೋಲಿಕೆ ಹುಡುಕುವುದಿಲ್ಲ. ಪಡಸಾಲೆಯಲ್ಲಿ ಬೆರಳಿಗೆ ಆದದ್ದು ಯಾರ್ಡಿನಲ್ಲಿ ಮೈಗೆ ಆಗುತ್ತದೆ, ಅಷ್ಟೇ.

ಮರುದಿನವೇ ಸ್ಟೇಷನ್ ಮಾಸ್ತರರ ಹತ್ತಿರ ಹೋದೆ. ಅವರು ಕುರ್ಚಿ ಕೊಟ್ಟರು, ಮಜ್ಜಿಗೆ ತರಿಸಿದರು, ನಾನು ಹೇಳಿದ್ದನ್ನೆಲ್ಲ ಕೇಳಿದರು.

"ನಾನೇನು ಚೇಯಾಲಮ್ಮಾ, ಏನು ಮಾಡಲಿ? ಮ್ಯಾಲಿನ ಆರ್ಡರ್. ರೂಲ್ ಪ್ರಕಾರ ಹೊರಗೆ ಬಂದ ಮೇಲೇ ಕೂಗಬೇಕು. ಒಳಗಿದ್ದು ಕೂಗಿದರೆ ತಪ್ಪು ಅವರದೇ ಗದಾ" ಎಂದರು, ಕನ್ನಡಕ್ಕೆ ತೆಲುಗು ಬೆರೆಸಿ.

"ಹೊರಗ ಬಂದು ಕೂಗಿದ್ರ ಇಷ್ಟು ಹೊತ್ತಿನ್ಯಾಗ ಇಷ್ಟು ವ್ಯಾಗನ್ ಆಗತಾವೇನ್ರಿ?"

ಅವರು ನಕ್ಕರು. ಆ ನಗೆಯಲ್ಲಿ ಕೇಡಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. ಮುರಿಯದೆ ಕೆಲಸ ನಡೆಯದಂಥ ನಿಯಮವನ್ನು ಬರೆದಿಟ್ಟು, ಮುರಿದವನು ಸತ್ತಾಗ ನಿಯಮವನ್ನು ತೋರಿಸುವುದು: ಇದು ಮೂರನೆಯ ಅನ್ಯಾಯ, ಬೇರೆಲ್ಲದರ ತಾಯಿ. ಮೇಲಿನವರಿಗೆ ಮನವಿ ಬರೆದೆ. ನನ್ನ ಗಂಡ ಅದರಲ್ಲಿ ತಮ್ಮ ಹೆಸರು ಬೇಡವೆಂದರು. ರಾಜ್ಯ ಬದಲಾದ ಹೊತ್ತು. ಯಾರನ್ನು ಎಲ್ಲಿಗೆ ಎಸೆಯುತ್ತಾರೋ ಯಾರಿಗೂ ತಿಳಿಯದು.

"ನೀ ಬರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದಕ್ಕ ಉತ್ತರ ಬರೋದರೊಳಗ ಇವನ ನಾಲಿಗಿ ತಿದ್ದೋಣು" ಎಂದರು.

ಹಾಗಾಗಿ ಪಡಸಾಲೆಯ ಆಟ ಆಟವಾಗಿ ಉಳಿಯಲಿಲ್ಲ. ಯಾರ್ಡಿನ ತಿರುವು, ಗೋದಾಮಿನ ಹಳಿ, ವ್ಯಾಗನ್ ತೂಗುವ ಜಾಗ ಎಲ್ಲವನ್ನೂ ನನ್ನ ಗಂಡ ಹಲಗೆಯ ಮೇಲೆ ಇದ್ದಂತೆಯೇ ಮಾಡಿದರು. ತಿರುವಿನ ಗೋದಾಮಿಗೆ ನನ್ನ ಟ್ರಂಕನ್ನೇ ನಿಲ್ಲಿಸಿ, ತಾವು ಅದರ ಆಚೆ ಕೂತು, ಕೂಗು ಕೇಳಿದ ಕ್ಷಣವೇ ಎಂಜಿನ್ನು ಬಿಡುತ್ತಿದ್ದರು. ಅಂದು ಯಾರ್ಡಿನಲ್ಲಿ ಹೋದ ಮಾಲನ್ನೇ, ಹೋದ ಕ್ರಮದಲ್ಲೇ, ಸಂಜೆ ಮತ್ತೆ ಸಾಗಿಸುತ್ತಿದ್ದೆವು. ನಾನು ತಮ್ಮನ ಬೆರಳನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ನಿಧಾನವಾಗಿ ನಡೆದಾಗ ಅವನು ಕೈ ತೆಗೆದೇ ಕೂಗುತ್ತಿದ್ದ. ವ್ಯಾಗನ್ನು ಹೆಚ್ಚಿ ಅವಸರ ಏರಿದೊಡನೆ ಕೂಗು ಕೈಗಿಂತ ಮುಂದೆ ಓಡುತ್ತಿತ್ತು. ಉಗುರು ಕಪ್ಪಾಯಿತು, ಇನ್ನೊಂದು ಬೆರಳು ಸುಲಿಯಿತು.

"ಬಾಯಿತುಂಬ ನೀರು ಇಟಗೊಳಾಕ ಹೇಳವಾ. ಹೊರಗ ಬಂದು ಉಗುಳಿ ಕೂಗಲಿ" ಎಂದರು ಅತ್ತೆ.

ಅದನ್ನೂ ಮಾಡಿದೆವು. ನಾಲ್ಕಾರು ಬಾರಿ ಸರಿಹೋಯಿತು. ಆಮೇಲೆ ಅವನು ನೀರನ್ನು ನುಂಗಿ, ಬೆರಳು ಒಳಗಿರುವಾಗಲೇ "ಆತು!" ಎಂದ.

"ನಾ ಕೂಗೋದಿಲ್ಲಕ್ಕ, ಅದಽ ಬರತೈತಿ" ಎಂದು ಅಳುಮೋರೆ ಮಾಡಿದ. ಅವನಿಗೂ ಭಯ ಹುಟ್ಟಿತ್ತು. ಅಷ್ಟು ದಿನ ನಮ್ಮನ್ನು ನಗಿಸುತ್ತಿದ್ದವನು ಶೇಂಗಾ ಕದಿಯುವುದನ್ನೂ ಬಿಟ್ಟಿದ್ದ. ಕೆಲಸ ಬಿಡು ಎಂದೆ. "ಬಿಟ್ರ ನನ ಜಾಗಕ್ಕ ಬರೋನಿಗೆ ಮನ್ಯಾಗ ಇಂಥ ರೈಲು ಇರತೈತೇನು?" ಎಂದ.  ಒಬ್ಬನ ನಾಲಿಗೆಯನ್ನು ತಿದ್ದುತ್ತಾ ಕೂತ ನಾನು ಉಳಿದವರ ನಾಲಿಗೆಗಳನ್ನು ಮರೆತಿದ್ದೆ. ಭಯ ಮನುಷ್ಯನನ್ನು ತನ್ನ ಮನೆಯ ಗೋಡೆಗಳೊಳಗೆ ಎಳೆದುಕೊಳ್ಳುತ್ತದೆ ಎಂಬುದನ್ನು ನಾನು ಯಾವ ಶಾಲೆಯಲ್ಲೂ ಕಲಿತಿರಲಿಲ್ಲ.

ಜಮಾದಾರರು ಹೂಮಾಲೆ ಹಾಕಿಸಿಕೊಂಡು ಹೋದ ಮರುದಿನ ನಾನು ಯಾರ್ಡಿನ ಬೇಲಿಯ ಹತ್ತಿರ ಹೋಗಿ ನಿಂತೆ. ಹತ್ತಿಯ ಬಂಡಿಗಳು ಬೀದಿಯುದ್ದಕ್ಕೂ ಸಾಲುಗಟ್ಟಿದ್ದವು. ಎಂಜಿನ್ನು ಹಿಂದೆ ಸರಿದು ಬಂದು ವ್ಯಾಗನ್ನಿಗೆ ತಾಗಿದ ಸದ್ದು ನನ್ನ ಹಲ್ಲಿಗೆ ತಾಗಿತು. ತಮ್ಮ ಬಗ್ಗಿ ಒಳಹೊಕ್ಕ. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಬಗ್ಗಿದ ಆ ಬೆನ್ನಿನಿಂದಲೇ ಕೂಗು ಎದ್ದಿತು.

"ಆತು!"

ನಾನು ಕಣ್ಣು ಮುಚ್ಚಿದೆ. ಎಂಜಿನ್ನು ಎಳೆಯುವ ಸದ್ದು ಬರಲಿಲ್ಲ. ಬದಲಿಗೆ ಡ್ರೈವರನ ದನಿ ಕೇಳಿಸಿತು.

"ಏನ್ರೀ ಗುಮಾಸ್ತರೇ! ಹಳಿ ಮ್ಯಾಲ ನಿಂತು ಏನ್ ಮಾಡ್ತೀರಿ? ಇದೇನು ನಿಮ್ಮ ಮನಿ ಗೊಂಬಿ ರೈಲಾ?"

ಗೋದಾಮಿನ ತಿರುವಿನಲ್ಲಿ, ಎಂಜಿನ್ನಿನ ಮುಂದಿನ ಹಳಿಯ ನಡುವೆ, ನನ್ನ ಗಂಡ ನಿಂತಿದ್ದರು. ಕಿವಿಯ ಮೇಲೆ ಪೆನ್ಸಿಲ್ಲು, ಕೈಗೆ ಮಸಿ, ಕಾಲಲ್ಲಿ ಚಪ್ಪಲಿಯೂ ಇಲ್ಲ. ಎರಡೂ ಕೈಗಳನ್ನು ಎತ್ತಿ ಹಿಡಿದಿದ್ದರು. ತಮ್ಮ ಹೊರಬಂದು ನೆಟ್ಟಗೆ ನಿಂತ ಮೇಲೆ ಅವರು ಹಳಿ ಬಿಟ್ಟು ಇಳಿದು ಒಂದು ಕೈ ಬೀಸಿದರು. ಎಂಜಿನ್ನು ಎಳೆಯಿತು. ಮುಂದಿನ ವ್ಯಾಗನ್ನಿಗೂ ಅವರು ಹಾಗೆಯೇ ನಿಂತರು, ಅದರ ಮುಂದಿನದಕ್ಕೂ. ಮನವಿಗೆ ಹೆಸರು ಹಾಕಲು ಅಂಜಿದ ಮನುಷ್ಯ ಆ ದಿನವೆಲ್ಲ ಬಿಸಿಲಿನಲ್ಲಿ ನಿಂತರು, ಮರುದಿನವೂ ನಿಂತರು.

ಆದರೆ ಗುಮಾಸ್ತರ ಕುರ್ಚಿ ಖಾಲಿಯಾಗಿತ್ತು. ಬೇಲುಗಳಿಗೆ ರಸೀದಿ ಬರೆಯುವವರಿಲ್ಲದೆ ಹತ್ತಿ ಸಾಹುಕಾರರು ಕಿಟಕಿಯ ಮುಂದೆ ಗುಂಪುಗೂಡಿದರು, ಕೂಗಾಡಿದರು, ಮೇಲಿನವರಿಗೆ ತಂತಿ ಕೊಟ್ಟರು. ಕುರ್ಚಿ ಬಿಟ್ಟ ತಪ್ಪಿಗೆ ನನ್ನ ಗಂಡನಿಗೆ ವಿವರಣೆ ಕೇಳಿ ಕಾಗದ ಬಂತು. ಅದೇ ವಾರ ತಿರುವಿಗೆ ಹೊಸ ಬಾವುಟದವನೊಬ್ಬ ಬಂದ. ನನ್ನ ತಮ್ಮನ ಪ್ರಾಣಕ್ಕಾಗಿ ಬಾರದವನು ಸಾಹುಕಾರರ ರಸೀದಿಗಾಗಿ ಬಂದ. ನನ್ನ ಮನವಿಗೆ ಉತ್ತರ ಬರಲೇ ಇಲ್ಲ. ನನ್ನ ಗಂಡನನ್ನು ಸುಗ್ಗಿ ಮುಗಿದೊಡನೆ ದೂರದ ಒಂದು ಸ್ಟೇಷನ್ನಿಗೆ ವರ್ಗ ಮಾಡಿದರು. ಅವರು ಹೋದರು, ನಾನೂ ಅತ್ತೆಯೂ ಆ ಮನೆಯಲ್ಲೇ ಉಳಿದೆವು.

ಹೊಸ ಬಾವುಟದವನು ಪ್ರಾಯದವನು. ಕೈ ಬಲು ಚುರುಕು, ತಂಬಾಕು ಹಾಕುವವನಲ್ಲ, ಕೂಗು ಬಿದ್ದೊಡನೆ ಬಾವುಟ ಏಳುತ್ತಿತ್ತು. ಗಾಳಿ ಯಾರ್ಡಿನ ಕಡೆಯಿಂದ ಬೀಸಿದ ಮಧ್ಯಾಹ್ನಗಳಲ್ಲಿ ನನ್ನ ತಮ್ಮನ "ಆತು" ನಮ್ಮ ಅಡಿಗೆಮನೆಗೂ ಕೇಳುತ್ತಿತ್ತು. ಅವನು ಒಳಗಿದ್ದು ಕೂಗಿದನೋ, ಹೊರಗೆ ಬಂದು ಕೂಗಿದನೋ ಆ ದನಿಯಿಂದ ತಿಳಿಯುತ್ತಿರಲಿಲ್ಲ. ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನಾನು ಮುಂದಿನ ಕೂಗಿಗಾಗಿ ಕಾಯುತ್ತಿದ್ದೆ.