ಹಾರ್ನ್ ಹೊಡೆಯದ ಡ್ರೈವರ್

ಓಲ್ಡ್ ಟೌನಿನ ನಮ್ಮ ನೆರೆಮನೆಯವರು ಭದ್ರಾವತಿ–ಶಿವಮೊಗ್ಗ ಬಸ್ಸಿನ ಡ್ರೈವರ್. ಎಮ್ಮೆ ಕಂಡರೂ ಹಾರ್ನ್, ಪರಿಚಯದವರು ಕಂಡರೂ ಹಾರ್ನ್. ನಾನು ರೇಗಿದರೆ, "ಹೇಳ್ದೆ ಹೆಂಗೆ ಹೋಗ್ಲಿ ಮಾರಾಯ?" ಎಂದು ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಡ್ರೈವರ್ ವೀಸಾ ಸಿಕ್ಕಿ ಗಲ್ಫಿಗೆ ಹೋದರು. ಇಲ್ಲಿನ ಲೈಸೆನ್ಸ್ ಅಲ್ಲಿ ನಡೆಯಲಿಲ್ಲ. ಅಲ್ಲಿಯದಕ್ಕೆ ಪರೀಕ್ಷೆ ಕೊಡಬೇಕಿತ್ತು. ಅಲ್ಲಿ ಸ್ಟೀರಿಂಗ್ ಎಡಕ್ಕೆ. ಪರೀಕ್ಷೆ ಮಾಡುವ ಸಾಹೇಬ ಬಲಕ್ಕೆ ಕೂರುತ್ತಿದ್ದ. ತಿರುವು ಬಂದೊಡನೆ ಇವರ ಕೈ ತಾನಾಗಿ ಹಾರ್ನ್ ಒತ್ತುತ್ತಿತ್ತು. ಸುಮ್ಮನೆ ಹಾರ್ನ್ ಹೊಡೆಯುವುದು ಅಲ್ಲಿ ತಪ್ಪು; ಸಾಹೇಬ ಇಳಿ ಎನ್ನುತ್ತಿದ್ದ. ಮತ್ತೆ ಮತ್ತೆ ಫೇಲಾಗಿ, ವೀಸಾ ರದ್ದಾಗಿ ವಾಪಸ್ ಬಂದರು. ಹಳೆಯ ಬಸ್ಸೇ ಸಿಕ್ಕಿತು.

ಒಂದು ಬೆಳಿಗ್ಗೆ ನಾನು ಆ ಬಸ್ಸಿನ ಮುಂದಿನ ಸೀಟಿನಲ್ಲಿದ್ದೆ. ಮಲವಗೊಪ್ಪದ ಹತ್ತಿರ ಸೈಕಲ್ಲೊಂದು ಅಡ್ಡ ಬಂತು. ಅವರ ಕೈ ಹಾರ್ನಿನ ಮೇಲೆ ಹೋಯಿತು, ಒತ್ತಲಿಲ್ಲ. ಬ್ರೇಕ್ ಹಾಕುವಷ್ಟರಲ್ಲಿ ಸೈಕಲ್ಲಿನವನು ಚರಂಡಿಗೆ ಬಿದ್ದು, ಬೈಯುತ್ತ ಎದ್ದ.

"ಹಾರ್ನ್ ಹೊಡೀಬಾರ್ದಾ ಭಾಯ್?" ಎಂದು ಕಂಡಕ್ಟರ್ ಕೂಗಿದ.

ಹಿಂದೆ ನಿಂತ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ಅವರು ಎಂಜಿನ್ ಆಫ್ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಯಾರೂ ಇಲ್ಲದ ಬಲಗಡೆಗೆ, ಕಿಟಕಿಯಾಚೆಯ ಖಾಲಿ ರಸ್ತೆಗೆ ಮುಖ ತಿರುಗಿಸಿದರು.

"ಇಳೀಲಾ ಸಾಹೇಬ್ರೆ?" ಎಂದು ಕೇಳಿದರು.